ಉಣ್ಣಿ ಪುಡಿ ಮತ್ತು ಎರಡು ಹೆಸರಿನ ಬೆಕ್ಕು

ಈ ಸಂಗತಿಯನ್ನು ಬರೆದುಬಿಡಬೇಕು ಎಂದು ನಾನು ಅಂದುಕೊಂಡು ಎಂಟು ವರ್ಷವಾಯಿತು. ಎಂಟು ವರ್ಷದಲ್ಲಿ ಬರೆದದ್ದು ಮೂರು ಸಾಲು, ಅದರಲ್ಲೂ ಎರಡು ಸಾಲು ಬಿಸಿಲಿನ ಬಗ್ಗೆ. ಮೊದಲ ವರ್ಷ ಕನ್ನಡಕದ ಕಡ್ಡಿ ಮುರಿದಿತ್ತು. ಅದನ್ನು ಸರಿ ಮಾಡಿಸಿಕೊಂಡು ಬರುವಷ್ಟರಲ್ಲಿ ಪೆನ್ನು ಸೋರತೊಡಗಿತು. ಪೆನ್ನು ಬದಲಾಯಿಸಿದೆ, ಮನೆಗೆ ಸುಣ್ಣ ಹೊಡೆಯುವ ಕೆಲಸ ಬಂತು. ಹೀಗೆ ಒಂದಲ್ಲ ಒಂದು ಅಡ್ಡಿ ತಾನಾಗಿ ಬರುತ್ತಿತ್ತು; ಬಾರದ ದಿನ ನಾನೇ ಹೋಗಿ ಕರೆದುಕೊಂಡು ಬರುತ್ತಿದ್ದೆ. ಇವತ್ತು ಏನೂ ಅಡ್ಡಿಯಿಲ್ಲವಲ್ಲ ಎಂದು ಹಾಳೆ ಹರಡಿಕೊಂಡು ಕೂತರೆ, ಸುಬ್ಬಿ ಬಂದು ಅದರ ನಟ್ಟನಡುವೆ ಮಲಗಿದ್ದಾಳೆ. ಸುಬ್ಬಿ ನಮ್ಮ ಮನೆಯ ಬೆಕ್ಕು. ತಳ್ಳಿದರೆ ಏಳುವುದಿಲ್ಲ; ಎತ್ತಿದರೆ ನೀರಿನ ಹಾಗೆ ಕೈಯಿಂದ ಜಾರಿ ಮತ್ತೆ ಅಲ್ಲೇ ಬೀಳುತ್ತಾಳೆ. ಹೀಗಾಗಿ ಅವಳು ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿರುವ ಅಂಚಿನಲ್ಲಿ ಬರೆಯುತ್ತಿದ್ದೇನೆ. ಮಾತು ಸುತ್ತಿ ಬಳಸಿ ಹೋಗುತ್ತಿದೆ ಅನ್ನಿಸಿದರೆ ಅರ್ಧ ತಪ್ಪು ಬೆಕ್ಕಿನದು ಎಂದು ತಿಳಿಯಬೇಕು.

ಮೊದಲು ಒಂದು ಸಣ್ಣ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ, ಕೈ ಪಳಗಲಿ. ನ್ಯಾಮತಿಯಲ್ಲಿ ಎಲ್ಲರೂ ನನ್ನನ್ನು ‘ಡಾಕ್ಟ್ರು’ ಎನ್ನುತ್ತಾರೆ. ನಾನು ಡಾಕ್ಟರಲ್ಲ. ಎಸ್.ಎಸ್.ಎಲ್.ಸಿ.ಯನ್ನು ಎರಡನೆಯ ಸಲಕ್ಕೆ ದಾಟಿ, ಒಂದು ವರ್ಷ ತರಬೇತಿ ಪಡೆದು, ಪಶುವೈದ್ಯ ಇಲಾಖೆಯಲ್ಲಿ ಸ್ಟಾಕ್‌ಮನ್ ಆದವನು. ನಿಜವಾದ ಡಾಕ್ಟರು ತಾಲೂಕಿಗೆ ಒಬ್ಬರಿದ್ದರೆ ಹೆಚ್ಚು. ಹಳ್ಳಿಯ ಉಪಕೇಂದ್ರದಲ್ಲಿ ಕೂತ ನನ್ನಂಥವನೇ ಜನರ ಪಾಲಿಗೆ ದನದ ಡಾಕ್ಟರು. ಜಗಳೂರು ಕಡೆ ಸೊಕ್ಕೆಯಲ್ಲಿ ಕುರಿ ನೋಡಿದೆ, ಹೊನ್ನಾಳಿಯಲ್ಲಿ ಎತ್ತು ನೋಡಿದೆ, ಚನ್ನಗಿರಿ ಕಡೆ ಸೂಳೆಕೆರೆ ದಂಡೆಯ ಊರುಗಳಲ್ಲಿ ಎಮ್ಮೆ ನೋಡಿದೆ. ‘ನಾನು ಡಾಕ್ಟರಲ್ಲ ಕಣಪ್ಪಾ’ ಎಂದು ಮೊದಲ ಆರು ತಿಂಗಳು ಹೇಳುತ್ತಿದ್ದೆ. ಆಮೇಲೆ ಎಮ್ಮೆಗೇ ಅಭ್ಯಂತರವಿಲ್ಲದ ಮೇಲೆ ನನಗೇಕೆ ಎಂದು ಸುಮ್ಮನಾದೆ.

ದನದಂಥ ರೋಗಿ ಇನ್ನೊಬ್ಬನಿಲ್ಲ. ಕೊಂಬಿಗೆ ಹಗ್ಗ ಹಾಕಿ ಕಂಬಕ್ಕೆ ಕಟ್ಟಿದರೆ ಮುಗಿಯಿತು. ತಲೆ ಎತ್ತಿ ಹಿಡಿದು, ಬಾಯಿಯ ಮೂಲೆಯಲ್ಲಿ ಬಿದಿರಿನ ಗೊಟ್ಟ ತೂರಿಸಿ ಔಷಧ ಸುರಿದರೆ ಗಟಗಟ ಕುಡಿಯುತ್ತದೆ. ಕುಡಿದ ಮೇಲೆ ದೊಡ್ಡ ಕಣ್ಣಿನಿಂದ ಒಮ್ಮೆ ನೋಡುತ್ತದೆ; ಆ ನೋಟದಲ್ಲಿ ಬೇಸರವಿರಬಹುದು, ಹಗೆ ಇರುವುದಿಲ್ಲ. ನಮ್ಮ ಕೇಂದ್ರದ ರಿಜಿಸ್ಟರಿನಲ್ಲಿ ದನ, ಎಮ್ಮೆ, ಕುರಿ, ಆಡು, ಕೋಳಿ, ನಾಯಿ ಎಂದು ಒಂದೊಂದಕ್ಕೂ ಕಲಂ ಇತ್ತು, ಕೊನೆಗೆ ‘ಇತರೆ’ ಎಂದು ಒಂದು. ನನ್ನ ಇಡೀ ಸರ್ವೀಸಿನಲ್ಲಿ ಆ ಇತರೆ ಕಲಂ ತುಂಬಿದ್ದು ಒಂದು ಸಲ, ಅದೂ ಒಂದು ಕತ್ತೆ. ಬೆಕ್ಕನ್ನು ಯಾರೂ ತರಲಿಲ್ಲ. ‘ಬೆಕ್ಕಿಗೆ ಒಂಬತ್ತು ಜೀವ ಐತೆ, ಅದಕ್ಯಾಕ್ರಿ ಡಾಕ್ಟ್ರು’ ಎಂದು ಸೊಕ್ಕೆಯ ಮುದುಕನೊಬ್ಬ ಹೇಳಿದ್ದ. ನಾನೂ ಹಾಗೇ ನಂಬಿದ್ದೆ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ ನಿವೃತ್ತನಾಗಿ ನ್ಯಾಮತಿಗೆ ಬಂದು ನೆಲೆಸಿದೆ. ಐವತ್ತೈದು ವಯಸ್ಸು. ಬೆಳಗಿನ ಪೇಪರು ಓದಿ ಮುಗಿದರೆ ಒಂಬತ್ತು ಗಂಟೆ. ಮುಂದೆ ಊಟದ ತನಕ ಏನು ಮಾಡಬೇಕೆಂದು ಸರ್ಕಾರ ಹೇಳಿಕೊಟ್ಟಿರಲಿಲ್ಲ. ಜಗಲಿಯ ಮೇಲೆ ಕೂತು ಹೋಗುವ ಬರುವ ದನಗಳ ನಡಿಗೆ ನೋಡುತ್ತಿದ್ದೆ. ‘ಆ ಎತ್ತಿನ ಎಡಗಾಲು ನೋಡಪ್ಪಾ, ಗೊರಸಿನಲ್ಲಿ ಏನೋ ಚುಚ್ಚಿದೆ’ ಎಂದರೆ, ‘ಆಸ್ಪತ್ರೆಗೆ ತೋರಿಸೀನ್ರಿ’ ಎಂದು ಮುಂದೆ ಹೋಗುತ್ತಿದ್ದರು. ಊರಿಗೆ ಡಿಗ್ರಿ ಓದಿದ ಡಾಕ್ಟರು ಬಂದಿದ್ದರು. ದನವೆಲ್ಲ ಅವರ ಪಾಲಾಯಿತು. ನನ್ನ ಪಾಲಿಗೆ ಉಳಿದದ್ದು ಇತರೆ. ಆಸ್ಪತ್ರೆಗೆ ಬೆಕ್ಕು ಹೊತ್ತುಕೊಂಡು ಹೋಗಲು ಜನಕ್ಕೆ ನಾಚಿಕೆ. ನಮ್ಮ ಜಗಲಿಗೆ ತರಲು ಯಾವ ನಾಚಿಕೆಯೂ ಇಲ್ಲ. ಚೀಲದಲ್ಲಿ, ಬುಟ್ಟಿಯಲ್ಲಿ, ಸೆರಗಿನಲ್ಲಿ ತಂದರು; ಒಬ್ಬಾಕೆಯಂತೂ ನೀರಿಲ್ಲದ ಕೊಡದಲ್ಲಿ ತಂದಳು. ನನ್ನ ಹೆಂಡತಿ ಪಾರ್ವತಿ ಒಳಗಿನಿಂದ, ‘ರೀ, ನಿಮ್ಮ ಪೇಶಂಟು ನನ್ನ ಹಾಲಿನ ಪಾತ್ರೆಗೆ ಬಾಯಿ ಹಾಕೈತೆ, ಹುಷಾರಾದಂಗೆ ಕಾಣ್ತದೆ, ಕಳಿಸ್ರಿ’ ಎನ್ನುತ್ತಿದ್ದಳು.

ಬೆಕ್ಕಿನ ಆರೋಗ್ಯದ ವಿಚಾರ ನಾನು ಕಲಿತದ್ದೆಲ್ಲ ಪೆಟ್ಟು ತಿಂದು. ದನಕ್ಕೆ ಕಾಯಿಲೆಯಾದರೆ ಮೇವು ಬಿಟ್ಟು, ಕಿವಿ ಇಳಿಬಿಟ್ಟು, ಊರಿಗೆಲ್ಲ ಕಾಣುವಂತೆ ನಿಲ್ಲುತ್ತದೆ. ಬೆಕ್ಕಿಗೆ ಕಾಯಿಲೆಯಾದರೆ ಅಟ್ಟ ಹತ್ತಿ ಬಚ್ಚಿಟ್ಟುಕೊಳ್ಳುತ್ತದೆ. ರೋಗಿ ಅಟ್ಟದ ಮೇಲೆ, ಡಾಕ್ಟರು ಏಣಿಯ ಮೇಲೆ, ಕೆಳಗೆ ಏಣಿ ಹಿಡಿದವರು ‘ಜೋಪಾನ’ ಎನ್ನುವುದು ನನಗೋ ಬೆಕ್ಕಿಗೋ ತಿಳಿಯದು. ಹುಲ್ಲು ತಿಂದು ವಾಂತಿ ಮಾಡಿದರೆ ಮನೆಯವರು ಓಡಿ ಬರುತ್ತಾರೆ. ಅದು ಬೆಕ್ಕು ತನಗೆ ತಾನೇ ಮಾಡಿಕೊಳ್ಳುವ ಔಷಧ. ಎರಡು ದಿನ ಅನ್ನ ಮುಟ್ಟದೆ ಮೂಲೆ ಸೇರಿದರೆ ಯಾರೂ ಬರುವುದಿಲ್ಲ. ಅದೇ ನಿಜವಾದ ಕಾಯಿಲೆ. ಇನ್ನು ಔಷಧ ಕುಡಿಸುವುದು. ಸುಬ್ಬಿ ಮರಿಯಾಗಿದ್ದಾಗ ಹೊಟ್ಟೆಹುಳುವಿಗೆ ಔಷಧ ಹಾಕಲು ಹೊರಟೆ. ಬೆಕ್ಕಿನ ಬಾಯಿಗೆ ಆಗುವ ಗೊಟ್ಟ ಯಾವ ಬಿದಿರಿನಲ್ಲೂ ಸಿಗುವುದಿಲ್ಲ. ಪಾರ್ವತಿ ಅಟ್ಟದಿಂದ ಹಳೆಯ ಒಳಲೆ ತೆಗೆದುಕೊಟ್ಟಳು, ನಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಹಾಲು ಕುಡಿಸಿದ ಬೆಳ್ಳಿಯ ಒಳಲೆ. ಅವಳು ಕಾಲು ಹಿಡಿದಳು, ನಾನು ತಲೆ ಹಿಡಿದೆ. ಔಷಧದಲ್ಲಿ ಕಾಲುಭಾಗ ನನ್ನ ಅಂಗಿಗೆ, ಕಾಲುಭಾಗ ಗೋಡೆಗೆ. ಉಳಿದದ್ದು ಬೆಕ್ಕಿನೊಳಗೆ ಹೋಯಿತೆಂದು ನಾವು ಗೆದ್ದವರ ಹಾಗೆ ನೋಡುತ್ತಿದ್ದರೆ, ಅದು ಹೊಸಿಲು ದಾಟಿ ಅಷ್ಟನ್ನೂ ಉಗುಳಿತು. ‘ಮೂವತ್ತು ವರ್ಷ ಡಿಪಾರ್ಟ್‌ಮೆಂಟ್‌ನಾಗೆ ಏನು ಮಾಡಿದ್ರಿ?’ ಎಂದು ಪಾರ್ವತಿ ಕೇಳಿದಳು. ನನ್ನ ಮೇಲಧಿಕಾರಿಗಳು ಯಾರೂ ಅಷ್ಟು ನೇರವಾಗಿ ಕೇಳಿರಲಿಲ್ಲ.

ಹೀಗೆ ಬೆಕ್ಕಿನ ಮೇಲೆ ರೇಗುತ್ತ ಬರೆದುಕೊಂಡು ಹೋದರೆ ಎಂಟು ಪುಟ ತುಂಬಿಸಬಲ್ಲೆ. ಮುಖ್ಯ ಮಾತು ಹೇಳದೆ ಇರಲು ಅದೂ ಒಂದು ಉಪಾಯ. ಆದರೆ ಸುಬ್ಬಿ ಎಲ್ಲಿಂದ ಬಂದಳು ಎಂದು ಹೇಳಲೇಬೇಕಲ್ಲ. ಅಲ್ಲಿಗೆ ನಾನು ಸಿಕ್ಕಿಬಿದ್ದ ಹಾಗೆ.

ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಹತ್ತಿ ಎಕ್ಕಿ ಗಾದಿ ಹೊಲಿಯುವ ಹುಸೇನ್ ಸಾಬರ ಮನೆ. ಅವರ ಹೆಂಡತಿ ಮಾಬುಬಿ. ಅವರ ಗೋಡೆಗೆ ಗೋಡೆ ಹತ್ತಿ ಒಂದು ಮಂಡಕ್ಕಿ ಭಟ್ಟಿ. ಗಂಡ ತೀರಿಕೊಂಡ ಮೇಲೆ ಒಬ್ಬ ಹೆಂಗಸು ತಾನೇ ಒಲೆಯ ಮುಂದೆ ನಿಂತು, ಕಾದ ಮರಳಿನಲ್ಲಿ ಅಕ್ಕಿ ಹುರಿದು ಭಟ್ಟಿ ನಡೆಸುತ್ತಿದ್ದರು. ಊರಿಗೆಲ್ಲ ಅವರು ‘ಭಟ್ಟಿಯಮ್ಮ’. ಹೆಸರು ಬೇರೆ ಇತ್ತು, ನನಗೂ ಗೊತ್ತಿತ್ತು, ಯಾರೂ ಕರೆಯುತ್ತಿರಲಿಲ್ಲ. ಒಂದು ಕಡೆ ಹತ್ತಿ, ಇನ್ನೊಂದು ಕಡೆ ಅಕ್ಕಿ, ಇಲಿಗಳಿಗೆ ಇದಕ್ಕಿಂತ ಅನುಕೂಲದ ಓಣಿ ನ್ಯಾಮತಿಯಲ್ಲಿ ಇರಲಿಲ್ಲ. ಎರಡೂ ಮನೆಗೆ ಸೇರಿ ಒಂದೇ ಬೆಕ್ಕು. ಮಾಬುಬಿ ಅದನ್ನು ‘ಮುನ್ನಿ’ ಎನ್ನುತ್ತಿದ್ದರು, ಭಟ್ಟಿಯಮ್ಮ ‘ಗೌರಿ’ ಎನ್ನುತ್ತಿದ್ದರು, ಅದು ಎರಡು ಹೆಸರಿಗೂ ಓಡಿ ಬರುತ್ತಿತ್ತು. ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಬೆಕ್ಕು ಆ ಕಿಂಡಿಯಲ್ಲೇ ಓಡಾಡುತ್ತಿತ್ತು. ಹಬ್ಬ ಬಂದರೆ ಆ ಕಡೆಯಿಂದ ಹೋಳಿಗೆ, ಈ ಕಡೆಯಿಂದ ಸುರಕುಂಬ ಅದೇ ಕಿಂಡಿಯಲ್ಲಿ ದಾಟುತ್ತಿತ್ತು. ದಿನ ಬೆಳಗಾದರೆ ಇಬ್ಬರೂ ಅದಕ್ಕೆ ಮುಖ ಕೊಟ್ಟು ಮಾತಾಡುತ್ತಿದ್ದದ್ದು ನಮ್ಮ ಹಿತ್ತಿಲಿಗೆ ಕೇಳುತ್ತಿತ್ತು. ‘ಏನ್ ಮಾಬು, ನನ್ನ ಗೌರೀನ ಕಟ್ಟಿ ಹಾಕ್ಕಂಡಿಯೇನು?’ ‘ನಿನ್ನ ಗೌರಿ ನಿನ್ನ ಮಂಡಕ್ಕಿ ತಿಂದು ಬೇಜಾರಾಗಿ ನಮ್ಮ ಮನೆ ಬೋಟಿ ತಿನ್ನಾಕೆ ಬಂದೈತೆ, ಬಿಡಕ್ಕಾ!’ ಆ ಬೆಕ್ಕಿನ ಮರಿಗಳಲ್ಲಿ ಒಂದನ್ನು ಪಾರ್ವತಿ ತಂದು ಸಾಕಿದಳು. ಅದೇ ಈ ಸುಬ್ಬಿ.

ಒಂದು ದಿನ ಮಾಬುಬಿ ಬೆಕ್ಕನ್ನು ಎತ್ತಿಕೊಂಡು ಬಂದರು. ‘ಡಾಕ್ಟರ್ ಸಾಬ್, ಮುನ್ನಿ ಮೈಯೆಲ್ಲ ಕೆರಕಂತೈತೆ. ಹತ್ತೀಗೆಲ್ಲ ಚಿಗಟ ಹತ್ತಿದ್ರೆ ಗಾದಿ ಯಾರು ತಗಂತಾರೆ?’ ನೋಡಿದೆ. ಮೈತುಂಬ ಚಿಗಟ, ಕಿವಿಯ ಹಿಂದೆ ನಾಲ್ಕು ಉಣ್ಣಿ. ನನಗೆ ಆದ ಸಂತೋಷ ಹೇಳತೀರದು. ಎರಡು ವರ್ಷದಿಂದ ಬೆಕ್ಕುಗಳ ಮುಂದೆ ಪೆದ್ದನಾಗಿದ್ದವನಿಗೆ ಕೊನೆಗೂ ಒಂದು ಗೊತ್ತಿರುವ ಕಾಯಿಲೆ ಸಿಕ್ಕಿತ್ತು! ದನಗಳ ಉಣ್ಣಿಗೆ ಹಚ್ಚುವ ಪುಡಿಯ ಡಬ್ಬಿ ಒಂದು ನಮ್ಮ ಕಪಾಟಿನಲ್ಲೇ ಇತ್ತು. ಎಷ್ಟು ಸಾವಿರ ದನದ ಬೆನ್ನಿಗೆ ಆ ಪುಡಿ ಉಜ್ಜಿದ್ದೇನೋ ಈ ಕೈಯಿಂದ. ಬೆಕ್ಕು ಅಪರೂಪಕ್ಕೆ ಸುಮ್ಮನಿತ್ತು. ತಲೆಯಿಂದ ಬಾಲದವರೆಗೆ ಕೂದಲು ಹಿಂದುಮುಂದು ಮಾಡಿ, ಹೊಟ್ಟೆ, ಕಂಕುಳು, ಬೆರಳ ಸಂದು ಬಿಡದೆ, ಧಾರಾಳವಾಗಿ ಹಚ್ಚಿದೆ. ಗೋಡೆಯಾಚೆಯ ಭಟ್ಟಿಯಮ್ಮನೂ ಬಂದು ನಿಂತು ನೋಡಿ, ‘ಹಿಟ್ಟಿನ ಗಿರಣಿಯಿಂದ ಬಂದಂಗೈತೆ ನಮ್ಮ ಗೌರಿ’ ಎಂದು ನಕ್ಕರು. ‘ಡಾಕ್ಟ್ರ ಕೈಗುಣ ದೊಡ್ಡದು’ ಎಂದರು. ಆ ಮಾತು ಕೇಳಿ ಇನ್ನೊಂದು ಚಿಟಿಕೆ ಹೆಚ್ಚಿಗೆ ಹಚ್ಚಿದೆ.

ದನದ ಮೈಗೆ ಹಚ್ಚಿದ್ದು ದನದ ಮೈಮೇಲೆಯೇ ಇರುತ್ತದೆ. ಬೆಕ್ಕಿನ ಮೈಗೆ ಹಚ್ಚಿದ್ದು ಸಂಜೆಯೊಳಗೆ ಬೆಕ್ಕಿನ ಹೊಟ್ಟೆಯಲ್ಲಿರುತ್ತದೆ. ಬೆಕ್ಕು ದಿನವೆಲ್ಲ ತನ್ನ ಮೈ ನೆಕ್ಕಿಕೊಳ್ಳುತ್ತದೆ ಎಂಬುದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ತರಬೇತಿ ಬೇಕಿಲ್ಲ, ಎಸ್.ಎಸ್.ಎಲ್.ಸಿ.ಯೂ ಬೇಕಿಲ್ಲ, ತೊಟ್ಟಿಲ ಮಗುವಿಗೂ ಗೊತ್ತಿರುವ ಮಾತು. ನನಗೆ ಹೊಳೆಯಲಿಲ್ಲ. ನನ್ನ ಕಣ್ಣಿಗೆ ಅಲ್ಲಿದ್ದದ್ದು ಕೊಂಬಿಲ್ಲದ ಒಂದು ಸಣ್ಣ ದನ.

ಮರುದಿನ ಬೆಳಿಗ್ಗೆ ಮಾಬುಬಿ ಕೂಗಿದರು. ಹೋದೆ. ಬೆಕ್ಕು ಹತ್ತಿಯ ಮೂಟೆಯ ಪಕ್ಕದಲ್ಲಿ ಅಡ್ಡ ಬಿದ್ದು ನಡುಗುತ್ತಿತ್ತು, ಬಾಯಿಂದ ಜೊಲ್ಲು. ಬಗ್ಗಿ ಬಾಯಿ ಬಿಡಿಸಿದೆ. ಪುಡಿಯ ವಾಸನೆ ಮೂಗಿಗೆ ಹೊಡೆಯಿತು. ಆ ಕ್ಷಣಕ್ಕೆ ನನಗೆ ಎಲ್ಲ ತಿಳಿಯಿತು. ಒದ್ದೆ ಬಟ್ಟೆಯಿಂದ ಮೈ ಒರೆಸಿದೆ, ಇದ್ದಿಲು ಅರೆದು ನೀರಿನಲ್ಲಿ ಕಲಸಿ ಕುಡಿಸಲು ನೋಡಿದೆ. ಹೊತ್ತು ಮೀರಿತ್ತು. ಓಣಿಯವರೆಲ್ಲ ಸೇರಿದ್ದರು. ಅವರೆಲ್ಲರ ಮುಂದೆ ಅದು ನನ್ನ ಕೈಯಲ್ಲೇ ಸತ್ತಿತು.

‘ಏನಾಗಿತ್ತು ಡಾಕ್ಟರ್ ಸಾಬ್?’ ಎಂದು ಮಾಬುಬಿ ಅಳುತ್ತ ಕೇಳಿದರು.

‘ವಿಷ’ ಎಂದೆ. ಸುಳ್ಳಲ್ಲ.

‘ಯಾರು ಹಾಕಿದ್ರು?’

ಇಲ್ಲಿ ನಾನು ಏನು ಹೇಳಿದೆ ಎಂದು ನೀವು ಕೇಳಬಹುದು. ತಲೆ ಎತ್ತಿ ಗೋಡೆಯ ಕಿಂಡಿಯ ಕಡೆ ನೋಡಿದೆ. ನೋಡಿ, ಒಂದು ನಿಟ್ಟುಸಿರು ಬಿಟ್ಟು, ‘ಅಕ್ಕಿ ಇಟ್ಟವರ ಮನೇಲಿ ಇಲಿ ಪಾಷಾಣ ಇಟ್ಟೇ ಇರ್ತಾರಮ್ಮಾ. ಯಾರನ್ನ ಏನಂತ ಅನ್ನೋಣ’ ಎಂದೆ. ಯಾರ ಹೆಸರನ್ನೂ ಎತ್ತಲಿಲ್ಲ. ಈ ಒಂದು ಅಂಶವನ್ನು ಹಿಡಿದುಕೊಂಡು ನಾನು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ.

ಅದೇ ವಾರ ಹುಸೇನ್ ಸಾಬರು ಕಿಂಡಿಗೆ ಇಟ್ಟಿಗೆ ಕಟ್ಟಿಸಿದರು. ನಮ್ಮ ಹಿತ್ತಿಲಿಗೆ ಬೆಳಗಿನ ಮಾತು ಕೇಳಿಸುವುದು ನಿಂತಿತು. ಅಷ್ಟಕ್ಕೇ ಮುಗಿದಿದ್ದರೆ ಎರಡು ಮನೆಯ ಮನಸ್ತಾಪ ಎನ್ನಬಹುದಿತ್ತು. ಆದರೆ ‘ಭಟ್ಟಿಯಮ್ಮನ ಮನೇಲಿ ಪಾಷಾಣ ಐತಂತೆ’ ಎಂಬ ಮಾತು ಓಣಿ ದಾಟಿ ಸಂತೆಗೆ ಹೋಯಿತು. ಬೇರೆ ಅಂಗಡಿಯಾಗಿದ್ದರೆ ಚಿಂತೆಯಿರಲಿಲ್ಲ. ತಿನ್ನುವ ಪದಾರ್ಥ ಮಾಡುವವರ ಮನೆಯಲ್ಲಿ ಪಾಷಾಣ ಎಂದರೆ ಯಾರು ಕೊಳ್ಳುತ್ತಾರೆ? ‘ಡಾಕ್ಟ್ರೇ ಹೇಳ್ಯಾರಂತೆ’ ಎಂದು ಬಾಲ ಬೇರೆ ಸೇರಿಕೊಂಡಿತು. ಸಂಜೆ ಮಂಡಕ್ಕಿಗೆ ಮುತ್ತುತ್ತಿದ್ದ ಜನ ಇನ್ನೊಂದು ಭಟ್ಟಿಗೆ ತಿರುಗಿದರು.

ಒಂದು ಮಧ್ಯಾಹ್ನ ಭಟ್ಟಿಯಮ್ಮ ನಮ್ಮ ಜಗಲಿಗೆ ಬಂದರು. ಕೂರಲಿಲ್ಲ. ‘ಡಾಕ್ಟ್ರೇ, ನಮ್ಮನೇಲಿ ಪಾಷಾಣ ಇಲ್ರಿ. ಗೌರಿ ಇರೋ ಮನೇಲಿ ಪಾಷಾಣ ಯಾಕೆ ತರಾನ? ನೀವು ಓದಿದೋರು. ನೀವು ಒಂದು ಮಾತು ಹೇಳಿದ್ರೆ ಮಾಬು ಕೇಳ್ತಾಳೆ, ಊರೂ ಕೇಳ್ತೈತೆ’ ಎಂದರು. ‘ಹೇಳೋಣ ಬಿಡಮ್ಮ’ ಎಂದೆ. ಅವರು ಕೈ ಮುಗಿದು ಹೋದರು. ಒಳಗೆ ಬಂದರೆ ಪಾರ್ವತಿ ಕಪಾಟಿನ ಮುಂದೆ ನಿಂತಿದ್ದಳು, ಕೈಯಲ್ಲಿ ಪುಡಿಯ ಡಬ್ಬಿ. ಡಬ್ಬಿಯ ಮೇಲೆ ತಲೆಬುರುಡೆಯ ಚಿತ್ರ ಇತ್ತು. ‘ಇದನ್ನ ನೀವು ನೋಡಿರಲಿಲ್ವಾ?’ ಎಂದಳು. ನಾನು ಇಪ್ಪತ್ತು ವರ್ಷದಿಂದ ನೋಡುತ್ತಿದ್ದೆ. ದಿನಾ ನೋಡುವ ಚಿತ್ರ ಕಾಣುವುದಿಲ್ಲ. ‘ಈಗ್ಲೇ ಹೋಗಿ ಹೇಳಿ ಬರ್ರಿ. ಮೊದಲು ಮಾಬುಗೆ, ಆಮೇಲೆ ಅವರಿಗೆ’ ಎಂದಳು. ನಾಳೆ ಹೋಗುತ್ತೇನೆ ಎಂದೆ. ನಾಳೆ ಎಂದರೆ ನಾಳೆ ಎಂದೇ ನಾನು ನಂಬಿದ್ದೆ. ಕನ್ನಡಕದ ಕಡ್ಡಿ ಮುರಿದದ್ದು ಆ ವಾರವೇ. ವರ್ಷ ತಿರುಗುವಷ್ಟರಲ್ಲಿ ಭಟ್ಟಿಯ ಒಲೆ ಆರಿತು. ಅವರು ಪಾತ್ರೆ ಪಗಡ ಕಟ್ಟಿಕೊಂಡು ಸವಳಂಗದಲ್ಲಿದ್ದ ತಮ್ಮನ ಮನೆಗೆ ಹೋದರು.

ಅಂದಿನಿಂದ ಬೆಕ್ಕು ತಂದ ಯಾರಿಗೂ ನಾನು ಇಲ್ಲ ಎಂದಿಲ್ಲ. ಕೆಮ್ಮಿನ ಬೆಕ್ಕು, ಕುಂಟು ಬೆಕ್ಕು, ಕಾರಣವಿಲ್ಲದೆ ಮುಖ ಊದಿಸಿಕೊಂಡ ಬೆಕ್ಕು, ಎಲ್ಲದಕ್ಕೂ ಏಣಿ ಹತ್ತಿದ್ದೇನೆ. ಡಿಗ್ರಿಯ ಡಾಕ್ಟರ ಮನೆಗೆ ಹೋಗಿ ಅವರ ಪುಸ್ತಕ ಎರವಲು ತಂದು, ಡಿಕ್ಷನರಿ ಇಟ್ಟುಕೊಂಡು ಬೆಕ್ಕಿನ ಅಧ್ಯಾಯ ಓದಿದ್ದೇನೆ. ಚಿಗಟಕ್ಕೆ ಹಣಿಗೆ, ಉಣ್ಣಿಗೆ ಚಿಮಟ, ಇಷ್ಟೇ ಈಗ ನನ್ನ ವೈದ್ಯ. ಊರಿನಲ್ಲಿ ನನಗೆ ಬೆಕ್ಕಿನ ಡಾಕ್ಟ್ರು ಎಂದು ಹೆಸರಾಗಿದೆ. ‘ಏನ್ ಪ್ರೀತಿ ಇವರಿಗೆ ಬೆಕ್ಕಂದ್ರೆ’ ಎನ್ನುತ್ತಾರೆ ಜನ. ಪಾರ್ವತಿ ಏನೂ ಹೇಳುವುದಿಲ್ಲ. ಅವಳು ಹೇಳದಿರುವುದು ಮನೆಯ ಯಾವ ಮೂಲೆಯಲ್ಲಿ ಕೂತರೂ ಕೇಳಿಸುತ್ತದೆ.

ಕಳೆದ ತಿಂಗಳು ಧೈರ್ಯ ಮಾಡಿ ಸವಳಂಗದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಬಸ್ಸು ನಿಲ್ಲುವ ಕಡೆಯೇ ತಗಡಿನ ಸಣ್ಣ ಅಂಗಡಿ. ಭಟ್ಟಿಯಮ್ಮ ಮಂಡಕ್ಕಿಗೆ ಖಾರ ಕಲಸುತ್ತಿದ್ದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ‘ಅಯ್ಯ, ಡಾಕ್ಟ್ರು! ಬರ್ರಿ, ಬರ್ರಿ, ಕುಂದರ್ರಿ. ಅಮ್ಮಾರು ಚೆನ್ನಾಗವ್ರಾ? ನಮ್ಮ ಮಾಬು ಹೆಂಗವ್ಳೆ?’ ಎಂದು ಸ್ಟೂಲು ಒರೆಸಿ ಕೂರಿಸಿ, ನನಗೂ ಒಂದು ಪೊಟ್ಟಣ ಮಂಡಕ್ಕಿ ಕಟ್ಟಿಟ್ಟರು. ನಾನು ಗಂಟಲು ಸರಿ ಮಾಡಿಕೊಂಡೆ. ಅಷ್ಟರಲ್ಲಿ ಅವರು ಒಳಗೆ ಹೋಗಿ ಒಂದು ಬೂದು ಬೆಕ್ಕನ್ನು ಎತ್ತಿಕೊಂಡು ಬಂದರು. ‘ದೇವರು ಕಳಿಸಿದಂಗೆ ಬಂದೀರಿ. ಇದಕ್ಕೆ ಮೈತುಂಬ ಚಿಗಟ. ಆವಾಗ ಹಚ್ಚಿದ್ರಲ್ಲ, ಅಂಥದೇ ಪುಡಿ ನಮ್ಮ ತಮ್ಮ ದನಕ್ಕೆ ತಂದಿಟ್ಟಾನೆ. ನಿಮ್ಮ ಕೈಯಾಗೇ ಒಂದೀಟು ಹಚ್ಚಿಬಿಡ್ರಿ’ ಎಂದು ಡಬ್ಬಿ ಮುಂದಿಟ್ಟರು.

‘ಬೇಡ!’ ಎಂದು ಕಿರುಚಿಬಿಟ್ಟೆ. ಬೆಕ್ಕು ಹಾರಿ ಮಂಡಕ್ಕಿ ಚೀಲದ ಹಿಂದೆ ಸೇರಿತು.

‘ಯಾಕ್ರಿ?’

‘ಬೆಕ್ಕು ಮೈ ನೆಕ್ಕುತ್ತಮ್ಮಾ. ನೆಕ್ಕಿದರೆ ಸತ್ತು ಹೋಗುತ್ತೆ.’

ಭಟ್ಟಿಯಮ್ಮ ಡಬ್ಬಿಯನ್ನು ನೋಡಿದರು. ಎದ್ದು, ಅದನ್ನು ಕೈಗೆಟುಕದ ಮೇಲಿನ ಹಲಗೆಯ ಮೇಲಿಟ್ಟರು. ಹೊರಗೆ ಹೋಗಿ ಬೂದಿ ಹಚ್ಚಿ ಎರಡೂ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಆಮೇಲೆ ಮೆಲ್ಲಗೆ, ‘ಹಂಗಾದ್ರೆ ಗೌರಿಗೆ...’ ಎಂದರು.

ಎಂಟು ವರ್ಷ ಕಾದಿದ್ದ ಬಾಗಿಲು ತಾನಾಗಿ ತೆರೆದಿತ್ತು. ಒಂದೇ ಒಂದು ‘ಹೌದು’ ಸಾಕಿತ್ತು. ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ‘ಬಸ್ಸು ಬಂತು, ಬರ್ತೀನಮ್ಮಾ’ ಎಂದು ಎದ್ದು, ಅರವತ್ತೈದು ವರ್ಷದ ಕಾಲಿಗೆ ಸಲ್ಲದ ವೇಗದಲ್ಲಿ ಓಡಿ ಹತ್ತಿದೆ. ಅದು ಶಿಕಾರಿಪುರದ ಬಸ್ಸು. ನನ್ನ ಊರು ಇನ್ನೊಂದು ದಿಕ್ಕಿಗೆ. ಹೊರಡುವ ಬಸ್ಸಿನ ಪಕ್ಕದಲ್ಲಿ ಭಟ್ಟಿಯಮ್ಮ ಓಡಿ ಬರುತ್ತಿದ್ದರು. ಇನ್ನೇನು ಬೈಯುತ್ತಾರೆ, ಬೈಯಲಿ, ನಾಲ್ಕು ಜನ ಕೇಳಲಿ ಎಂದು ಕಿಟಕಿಯಲ್ಲಿ ತಲೆ ಬಗ್ಗಿಸಿಕೊಂಡು ಕೂತೆ. ಅವರು ಒಂದು ಪೊಟ್ಟಣವನ್ನು ಕಿಟಕಿಯೊಳಗೆ ತುರುಕಿ, ‘ಮಂಡಕ್ಕಿ ಬಿಟ್ಟು ಹೊಂಟ್ರಲ್ಲ ಡಾಕ್ಟ್ರೇ!’ ಎಂದು ನಿಂತರು.

ಶಿಕಾರಿಪುರದವರೆಗೆ ಆ ಮಂಡಕ್ಕಿ ತಿಂದೆ. ಕಣ್ಣಿನಲ್ಲಿ ನೀರು ಬಂದದ್ದಕ್ಕೆ ಖಾರ ಕಾರಣ ಎಂದು ಪಕ್ಕದವರಿಗೆ ಹೇಳಿದೆ. ತಿಂದು ಮುಗಿದ ಮೇಲೆ, ಪೊಟ್ಟಣದ ಹಾಳೆ ಬಿಡಿಸಿ ಓದುವುದು ನನ್ನ ಹಳೆಯ ಚಟ. ಯಾವುದೋ ಪತ್ರಿಕೆಯ ಹಾಳೆ, ಯಾರೋ ಬರೆದ ಅರ್ಧ ಲೇಖನ. ಮೂರು ಸಾಲಿಗೆ ನಿಂತಿದ್ದ ನನ್ನ ಬರಹ ನೆನಪಾಗಿ, ಅದನ್ನು ಮುಗಿಸುವ ದಾರಿ ಆಗ ಹೊಳೆಯಿತು. ಬಾಯಲ್ಲಿ ಹೇಳಲಾಗದವನು ಬರೆಯಬಹುದು. ಅಚ್ಚಾದ ಹಾಳೆ ಎಂದಾದರೊಂದು ದಿನ ಮಂಡಕ್ಕಿ ಅಂಗಡಿಗೆ ಹೋಗಿಯೇ ಹೋಗುತ್ತದೆ. ಇದು ಅಚ್ಚಾದರೆ ಮಾಬುಬಿಯ ಮಗಳು ಮೊದಲು ಓದಿ ತಾಯಿಗೆ ಹೇಳುತ್ತಾಳೆ, ಮಾಬುಬಿ ನಮ್ಮ ಬಾಗಿಲಿಗೆ ಬರುತ್ತಾರೆ. ನಾನು ಸ್ನಾನಕ್ಕೆ ಹೋಗಿದ್ದೇನೆಂದು ಹೇಳು ಎಂದು ಪಾರ್ವತಿಗೆ ಹೇಳಿದ್ದೆ. ‘ನಾನೇ ನಿಮ್ಮನ್ನ ಕೈ ಹಿಡಿದು ಹೊರಗೆ ತಂದು ನಿಲ್ಲಿಸ್ತೀನಿ’ ಎಂದಿದ್ದಾಳೆ.

ಸವಳಂಗದಲ್ಲಿ ಬಸ್ಸಿಗೆ ಕಾಯುವವರಲ್ಲಿ ಒಂದು ಕೇಳಿಕೊಳ್ಳುತ್ತೇನೆ. ನಿಮ್ಮ ಮಂಡಕ್ಕಿ ಈ ಹಾಳೆಯಲ್ಲಿ ಬಂದಿದ್ದರೆ, ತಿಂದು ಉಂಡೆ ಮಾಡಿ ಎಸೆಯಬೇಡಿ. ಅಂಗಡಿಯಲ್ಲಿರುವ ಆ ಹೆಂಗಸಿಗೆ ಓದಲು ಬರುವುದಿಲ್ಲ. ಒಂದೆರಡು ಸಾಲು, ನಾಲ್ಕು ಜನಕ್ಕೆ ಕೇಳುವಂತೆ, ಗಟ್ಟಿಯಾಗಿ ಓದಿ ಹೇಳಿ. ಅವರು ಪಾಷಾಣ ಇಟ್ಟಿರಲಿಲ್ಲ. ಪುಡಿ ಹಚ್ಚಿ ಕೊಂದವನು ನಾನು. ಅಂದು ಕಿಂಡಿಯ ಕಡೆ ನೋಡಿದವನೂ ನಾನು. ಕ್ಷಮೆಯನ್ನೂ ನನ್ನ ಪರವಾಗಿ ನೀವೇ ಕೇಳಬೇಕಾಗಿ ಬಂದದ್ದಕ್ಕೆ ನನ್ನನ್ನು ಏನು ಬೈದರೂ ಸರಿ. ಸುಬ್ಬಿ ಈಗ ಎದ್ದು ಮೈ ಮುರಿದು ಹಾಳೆ ಬಿಟ್ಟು ಹೋದಳು; ನಟ್ಟನಡುವೆ ಬೇಕಾದಷ್ಟು ಜಾಗವಿದೆ, ಹೆಸರು ದೊಡ್ಡದಾಗಿ ಬರೆಯುತ್ತೇನೆ. ಭಟ್ಟಿಯಮ್ಮ ಎಂದು ಕೂಗಬೇಡಿ. ಅವರ ಹೆಸರು ಹನುಮಕ್ಕ.